ಐದು ಕೋಟಿನ ಬಾಕಿ

ಐದು ಕೋಟಿ ಅಲ್ಲ, ಐದು ಕೋಟು.
ಹಳದೋಣೆಯ ಬ್ಯಾಂಡಿನವರಿಗೆ ಹೊಲಿದದ್ದು,
ಒಳಗೆ ಕೆಂಪು ಸ್ಯಾಟಿನ್ ಅಸ್ತರು.
ಬ್ಯಾಂಡು ಮುರಿಯಿತು. ಬಾಕಿ ಉಳಿಯಿತು.
ಹನ್ನೊಂದು ವರ್ಷ ಕೇಳಿದ ಮೇಲೆ ಪಿಯೆದಾದ್ ಬಾಯಿ
ಮಾಡಿನ ಕೆಳಗಿನ ತಾಡಪತ್ರೆ ಎತ್ತಿ ತೋರಿಸಿದಳು:
"ದುಡ್ಡಿಲ್ಲ. ಇದನ್ನು ಒಯ್ಯಿ."

ಮೋರಿಸ್ ಮೈನರ್. ಬೂದು ಬಣ್ಣ, ಇಲ್ಲವೇ ಬೂದಿ.
ಹಿಂದಿನ ಸೀಟಿನಲ್ಲಿ ಕೋಳಿಗಳು ಸಂಸಾರ ಹೂಡಿದ್ದವು,
ಅವಕ್ಕೆ ಪಕ್ಕದಲ್ಲೇ ಹೊಸ ಗೂಡು ಕಟ್ಟಿಕೊಡಬೇಕಾಯಿತು.
ಬಾನೆಟ್ಟಿನೊಳಗೆ ಇಲಿಯ ಮನೆ. ಕೈಹಾಕಿ ಎಳೆದರೆ
ಎಳೆಎಳೆಯಾಗಿ ಬಂತು ಕೆಂಪು ಸ್ಯಾಟಿನ್,
ನಾನೇ ಕತ್ತರಿಸಿದ್ದು. ಅಂಚಿನ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ.
ಐದರಲ್ಲಿ ಒಂದನ್ನಾದರೂ ಯಾರೋ
ಹರಿಯುವ ತನಕ ತೊಟ್ಟರಲ್ಲ.

ನನಗೆ ಗೊತ್ತಿದ್ದದ್ದು ಕಾಲಲ್ಲಿ ತುಳಿದರೆ ಓಡುವ ಯಂತ್ರ ಒಂದೇ.
"ತೂಕಕ್ಕ ಹಾಕಿಬಿಡ್ರಿ," ಅಂದ ದಾವಲ್, ಗುಂಡಿ ಹಚ್ಚುತ್ತ.
"ಗಜೇಂದ್ರಗಡದಾಗ ಬಂಡಿ ಕೀಲಿಗೆ ಎಣ್ಣಿ ಬಿಟ್ಟದ್ದು ಬಿಟ್ರ
ನಿಮಗೇನು ಗೊತ್ತೈತ್ರಿ?"
ಎಣ್ಣೆಯಿಂದಲೇ ಶುರುಮಾಡಿದೆ. ಪ್ಲಗ್ಗಿನ ನಾಲ್ಕು ತೂತಿಗೂ ಸುರಿದು,
ಊರ ಫೆಸ್ತದ ಫ್ರಾಕುಗಳ ನಡುವೆ ಎಂಟು ದಿನ ಕಾದೆ.
ಒಂಬತ್ತನೇ ದಿನ ಮುಂದಿನಿಂದ ಹ್ಯಾಂಡಲ್ ಸಿಕ್ಕಿಸಿ ಒತ್ತಿದರೆ
ತುಕ್ಕು ಒಮ್ಮೆ ನರಳಿ
ಒಂದು ಇಂಚು ಬಿಟ್ಟುಕೊಟ್ಟಿತು.
ಒಂದು ಇಂಚು! ಇಂಚಿನ ಬೆಲೆ
ನಮಗಲ್ಲದೆ ಇನ್ಯಾರಿಗೆ ಗೊತ್ತು.
ಸೊಂಟದಲ್ಲಿ ಅಷ್ಟು ಬಿಟ್ಟಿದ್ದಕ್ಕೆ
ಉಳಿದ ಮದುವೆಗಳಿವೆ.

ತಪ್ಪಿದ್ದು ಬೇಕಾದಷ್ಟು.
ಬ್ಯಾಟರಿ ತಿರುವುಮುರುವು ಜೋಡಿಸಿ ಹೊಗೆ ಎಬ್ಬಿಸಿದೆ.
ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ
ಹಳೆ ಕಬ್ಬಿಣದ ಮುದುಕ ನಕ್ಕ:
"ಈ ಗಾಡಿಗೆ ಪ್ಲಸ್ಸೇ ಭೂಮಿ."
ಅಸ್ತರು ಹೊರಗೆ, ಬಟ್ಟೆ ಒಳಗೆ. ಇರಲಿ,
ಅಂಥ ಗಿರಾಕಿಗಳನ್ನೂ ಕಂಡಿದ್ದೇನೆ.
ನಾಲ್ಕು ವಯರುಗಳನ್ನು ಒಂದು, ಎರಡು, ಮೂರು, ನಾಲ್ಕೆಂದು
ಮಗ್ಗಿಯ ಹಾಗೆ ಸಿಕ್ಕಿಸಿದೆ. ಹಿಂದಿನ ಕೊಳವೆ ಢಮ್ಮೆಂದದ್ದಕ್ಕೆ
ಚರ್ಚಿನ ಪಾರಿವಾಳವೆಲ್ಲ ಎದ್ದವು.
ಸರದಿ ಬೇರೆಯಂತೆ: ಒಂದು, ಮೂರು, ನಾಲ್ಕು, ಎರಡು.
ಯಾವ ಕುಡುಕನ ಅಂಗಿಯ ಗುಂಡಿಯಪ್ಪ ಇದು.

ಆದರೆ ಕಾರ್ಬ್ಯುರೇಟರು ಬಿಚ್ಚಿದ ಸಂಜೆ
ಒಳಗೊಂದು ಸೂಜಿ.
ನಿಜವಾದ ಸೂಜಿ, ಹಿತ್ತಾಳೆಯದು,
ತುದಿಗೆ ಬರಬರುತ್ತ ಸಣ್ಣಗಾದದ್ದು,
ಒಂದು ತೂತಿನಲ್ಲಿ ಏರಿಳಿದು
ಪೆಟ್ರೋಲು ಅಳೆದು ಕೊಡುವುದು.
ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದೆ.
ಮೂವತ್ತು ವರ್ಷದಲ್ಲಿ ನನ್ನ ಬೆರಳು ಕಲಿತ ಒಂದೇ ವಸ್ತು
ಇಷ್ಟೊಂದು ಕಬ್ಬಿಣದ ಹೊಟ್ಟೆಯಲ್ಲಿ ಕೂತು
ಯಾರ ಕೆಲಸ ಮಾಡುತ್ತಿತ್ತು?
ಅದರ ಮೇಲಿನ ಬಟ್ಟಲಿಗೆ ಹೊಲಿಗೆ ಮಷೀನಿನ ಎಣ್ಣೆ ಬಿಟ್ಟೆ.
ಯಾರನ್ನೂ ಕೇಳದೆ ಬಿಟ್ಟದ್ದು. ಅದೊಂದು ಸರಿಯಾಗಿತ್ತು.

ಭಾನುವಾರ, ಚರ್ಚು ಬಿಟ್ಟಿತ್ತು.
ಕೀಲಿ ತಿರುವಿದೆ. ಪಂಪು ಸುಮ್ಮನಿತ್ತು.
ದಾವಲ್ ಕತ್ತರಿಯ ಹಿಡಿಯಿಂದ ಎರಡು ಬಡಿದ.
ಟಿಕ್. ಟಿಕ್ ಟಿಕ್ ಟಿಕ್ ಟಿಕ್,
ಉದ್ದ ಪರದೆಯ ಅಂಚು ಹೊಲಿಯುವ ಸದ್ದು,
ಆಮೇಲೆ ಹೊಟ್ಟೆ ತುಂಬಿದ ಹಾಗೆ ನಿಧಾನ, ಮೌನ.
ಬ್ಯಾಟರಿಗೆ ಅಷ್ಟಕ್ಕೇ ಜೀವ. ಉಳಿದದ್ದು ತೋಳಿನ ಕೆಲಸ.
ಹ್ಯಾಂಡಲ್ ಒಂದು ಸುತ್ತು. ಎರಡು. ಜಾರಿ ಮೊಣಕಾಲಿಗೆ ಪೆಟ್ಟು.
ಮೂರಕ್ಕೆ ಕೆಮ್ಮಿತು.
ನಾಲ್ಕಕ್ಕೆ ಹಿಡಿದುಕೊಂಡದ್ದು
ಬಿಡಲೇ ಇಲ್ಲ.

ಕಪ್ಪು ಹೊಗೆ, ಸುಟ್ಟ ಪುಕ್ಕದ ವಾಸನೆ,
ಗಡಗಡ ನಡುಗುವ ಕನ್ನಡಿ.
ಪಿಯೆದಾದ್ ಬಾಯಿ ಹೊರಬಂದಳು. ಏನೋ ಹೇಳುತ್ತಾಳೆಂದು ನಿಂತೆ.
"ಹಗ್ಗದ ಮೇಲೆ ಬಿಳಿ ಬಟ್ಟೆ ಹಾಕಿದ್ದೇನೆ," ಅಂದಳು
ಹೊಗೆಗೆ ಕೈ ಬೀಸುತ್ತ.
ಒಳಗೆ ಮಾತ್ರ ಹೋಗಲಿಲ್ಲ.

ಬ್ರೇಕಿಲ್ಲ. ಟಯರಿನಲ್ಲಿ ಗಾಳಿಯಿಲ್ಲ.
ಎಲ್ಲಿಗೂ ಹೋಗುವ ಹಾಗಿಲ್ಲ.
ಅಷ್ಟರಲ್ಲಿ, ಯಾರೂ ಮುಟ್ಟದೆ,
ಬಾಗಿಲ ಪಕ್ಕದ ಸೀಳಿನಿಂದ ಪುಟ್ಟದೊಂದು ಕೈ ಎದ್ದಿತು,
ತಿರುಗುವ ದಿಕ್ಕು ತೋರುವ ಹಳೆಗಾಲದ ಕಿತ್ತಳೆ ಕೈ,
ಶಾಲೆಯಲ್ಲಿ ಒಂದಕ್ಕೆ ಕೇಳುವ ಹುಡುಗನ ಹಾಗೆ.
"ಬಲಕ್ಕೇನೈತ್ರಿ?" ಕೇಳಿದ ದಾವಲ್.
ಕೋಳಿಗೂಡು, ಅಂದೆ.
ಕೈ ಇಳಿಯಲಿಲ್ಲ.